ಭಾವನ ಕಾಲಿನ ಅಳತೆ

ನಮ್ಮ ಭಾವನಿಗೆ ಕಾರಿನ ಒಳಗಿನದ್ದೆಲ್ಲ ಗೊತ್ತು, ಓಡಿಸಲು ಮಾತ್ರ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ಯಾರೂ ನಂಬುವುದಿಲ್ಲ. ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತೇ ತಲೆಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಗೇರ್ ಬಾಕ್ಸ್ ಬಿಚ್ಚಿ ಮೇಜಿನ ಮೇಲೆಲ್ಲ ಹರಡಿ, ಮತ್ತೆ ಜೋಡಿಸಿದಾಗ ಒಂದು ವಾಷರ್ ಕೂಡ ಮಿಗುವುದಿಲ್ಲ. ಅದೇ ಮನುಷ್ಯನ ಕೈಗೆ ಸ್ಟೀರಿಂಗ್ ಕೊಟ್ಟರೆ ಕತ್ತಿನವರೆಗೆ ಬೆವರುತ್ತಾರೆ. ಅದೂ ಯಾರ ಗಂಡ? ಊರಿಗೆಲ್ಲ ಡ್ರೈವಿಂಗ್ ಕಲಿಸಿದ ನಮ್ಮಕ್ಕನ ಗಂಡ. ಮದುವೆಯಾದ ಹೊಸತರಲ್ಲಿ ಅಕ್ಕ ಅವರಿಗೂ ಕಲಿಸಲು ಹೊರಟಿದ್ದಳು. ಅವರು ಪೋಸ್ಟ್ ಆಫೀಸಿನ ಬೇಲಿ ಮುರಿದರು. ಸಂಸಾರ ಉಳಿದರೆ ಸಾಕಪ್ಪ ಎಂದು ಇಬ್ಬರೂ ಆ ಪಾಠವನ್ನು ಅಲ್ಲಿಗೇ ಕೈಬಿಟ್ಟರು. ಅಂದಿನಿಂದ ಭಾವನ ಜಾಗ ಪಕ್ಕದ ಸೀಟು.

ನಾನು ಅಕ್ಕನ ತಂಗಿ. ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಬ್ಬರೂ ಹೇಳುತ್ತಾರೆ. ಇವರಿಬ್ಬರ ಜೊತೆ ಒಂದೇ ಸೂರಿನಡಿ ಇದ್ದು ಯಾರಿಗೆ ಕೋಪ ಬರುವುದಿಲ್ಲವೋ ಅಂಥವರು ಬಂದು ಹೇಳಲಿ, ಒಪ್ಪಿಕೊಳ್ಳುತ್ತೇನೆ.

ಅಕ್ಕನ ಕಾರು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಬಣ್ಣ ಹಸಿರು, ಮೂತಿ ಉದ್ದ, ಮೇಲ್ಛಾವಣಿ ಮಡಚಿ ಹಿಂದಕ್ಕೆ ತಳ್ಳುವಂಥದ್ದು. ಅದಕ್ಕೆ ಮಿಡತೆ ಎಂದು ಹೆಸರು. ಮದುವೆಗೆ ಮೊದಲೇ ಕೊಂಡದ್ದು. ಗಂಡ ಆಮೇಲೆ ಬಂದವರು ಎಂದು ಅಕ್ಕ ಇವತ್ತಿಗೂ ನೆನಪಿಸುತ್ತಾಳೆ. ನಾಲ್ಕು ಸಿಲಿಂಡರಿನ ಪುಟ್ಟ ಇಂಜಿನ್, ಶಬ್ದ ಮಾತ್ರ ದೊಡ್ಡದು. ನಮ್ಮ ಮನೆ ಇರುವುದು ಕೆಳಗೆ, ಪೇಟೆ ಇರುವುದು ಗುಡ್ಡದ ಮೇಲೆ, ನಡುವೆ ಸುತ್ತಿ ಸುತ್ತಿ ಏರುವ ರಸ್ತೆ. ಮಿಡತೆ ಪ್ರತಿ ತಿರುವಿಗೂ ಉಸಿರು ಬಿಡುತ್ತಿತ್ತು. ಅಕ್ಕ ಕ್ಲಚ್ ಒತ್ತಿ ಗೇರ್ ಇಳಿಸಬೇಕು, ಮತ್ತೆ ಒತ್ತಿ ಏರಿಸಬೇಕು. ಅವಳಿಗೆ ಬೇಕಾದದ್ದೂ ಅದೇ. ಆ ರಸ್ತೆ ಏರಿ ಇಳಿದು ಬಂದ ದಿನ ಅವಳು ನನ್ನ ಬೈಗುಳಕ್ಕೂ ನಗುತ್ತಿದ್ದಳು.

ಕಳೆದ ವರ್ಷ ಅಕ್ಕ ತನ್ನ ಡ್ರೈವಿಂಗ್ ಸ್ಕೂಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡ ಮಂಡಿಗೆ ಪೆಟ್ಟು ಮಾಡಿಕೊಂಡಳು. ಆಪರೇಷನ್ ಆಯಿತು. ನಡೆಯಬಹುದು, ನಿಧಾನವಾಗಿ ಮೆಟ್ಟಿಲು ಹತ್ತಬಹುದು, ಆದರೆ ಆ ಕಾಲಿನಲ್ಲಿ ಪದೇ ಪದೇ ಕ್ಲಚ್ ಒತ್ತುವುದು ಬೇಡ ಎಂದರು ಡಾಕ್ಟರು. ಅಪರೂಪಕ್ಕೊಮ್ಮೆ, ಹಗುರವಾಗಿ ಒತ್ತಿದರೆ ಅಡ್ಡಿಯಿಲ್ಲವಂತೆ. ಅಕ್ಕ ಸ್ಕೂಲನ್ನು ಅಲ್ಲೇ ಕಲಿತ ಒಬ್ಬಳಿಗೆ ಒಪ್ಪಿಸಿ ಮನೆಯಲ್ಲಿ ಕೂತಳು. ಕೂತಳು ಎಂದರೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ರಸ್ತೆಯಲ್ಲಿ ಹೋಗುವ ಕಾರುಗಳ ಶಬ್ದ ಕೇಳಿ, "ಇವನು ಗೇರ್ ಬದಲಿಸೋಕೆ ತಡ ಮಾಡಿದ. ಇವಳು ಕ್ಲಚ್ ಮೇಲೇ ಕಾಲಿಟ್ಟಿದ್ದಾಳೆ" ಎಂದು ಗೊಣಗುವುದು. ಅದನ್ನು ಕೇಳಿ ಕೇಳಿ ನನಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

ಪೇಟೆಯ ಹಲ್ಲಿನ ಡಾಕ್ಟರಿಗೆ ಬಹಳ ಕಾಲದಿಂದ ಮಿಡತೆಯ ಮೇಲೆ ಕಣ್ಣು. ಒಂದು ಸಂಜೆ ಊಟದ ಮೇಜಿನ ಮುಂದೆ ಅಕ್ಕ ಹೇಳಿದಳು.

"ಚಳಿಗಾಲ ಶುರುವಾಗೋದ್ರೊಳಗೆ ನಾನು ಅದನ್ನ ಓಡಿಸೋ ಹಾಗಾಗದಿದ್ರೆ ಹಲ್ಲಿನ ಡಾಕ್ಟ್ರು ತಗೊಂಡು ಹೋಗ್ಲಿ. ನಿಂತ ಕಾರನ್ನ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ."

ಭಾವ ಎದ್ದರು. ತಟ್ಟೆ ತೊಳೆದಿಟ್ಟು ಮಿಡತೆ ನಿಂತಿದ್ದ ಶೆಡ್ಡಿಗೆ ಹೋದರು. ಊಟ ಮುಗಿದ ಕೂಡಲೇ ಅವರು ಶೆಡ್ಡು ಸೇರಿದರು ಎಂದರೆ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದಾರೆ ಎಂದೇ ಅರ್ಥ.

ಆ ವಾರದಲ್ಲೇ ಹುಳ ಹೊರಗೆ ಬಂತು. ಗುಜರಿಯವನ ಲಾರಿ ಅಂಗಳಕ್ಕೆ ಬಂದು ಒಂದು ಇಂಜಿನ್ ಇಳಿಸಿತು. ಹಿಂದಿನಿಂದ ಗುದ್ದಿಸಿಕೊಂಡು ನುಜ್ಜುಗುಜ್ಜಾದ ಯಾವುದೋ ದೊಡ್ಡ ಕಾರಿನದು, ಆರು ಸಿಲಿಂಡರ್, ಗೇರ್ ಬಾಕ್ಸ್ ಸಮೇತ. ಭಾವನ ಲೆಕ್ಕಾಚಾರ ಸರಳವಾಗಿತ್ತು. ಇಂಜಿನ್ನಿಗೆ ಬಲ ಹೆಚ್ಚಿದ್ದರೆ ಇಡೀ ಏರನ್ನು ಹೆಚ್ಚುಕಡಿಮೆ ಒಂದೇ ಗೇರಿನಲ್ಲಿ ಹತ್ತಬಹುದು. ಗೇರ್ ಬದಲಿಸದಿದ್ದರೆ ಕ್ಲಚ್ ಒತ್ತುವ ಗೋಜಿಲ್ಲ. ಎಡಗಾಲಿಗೆ ವಿಶ್ರಾಂತಿ, ಅಕ್ಕನಿಗೆ ಕಾರು.

ಅಕ್ಕ ಕಿಟಕಿಯಿಂದಲೇ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಇದು ಮಿಡತೆಗಿಂತ ದೊಡ್ಡದಿದೆಯಲ್ರೀ."

"ಹಿಡಿಸ್ತೀನಿ."

"ಕೊಯ್ದು ಹಿಡಿಸ್ತೀರಾ. ನೋಡಿ, ಮಾಡೋದಾದ್ರೆ ಮಾಡಿ. ಆದ್ರೆ ನಾನು ಆ ಶೆಡ್ಡಿಗೆ ಕಾಲಿಡಲ್ಲ. ನನ್ನ ಕಾರಿನ ಹೊಟ್ಟೆ ಕೊಯ್ಯೋದನ್ನ ನಾನು ನೋಡಲ್ಲ. ಎಲ್ಲಾ ಮುಗಿದ ಮೇಲೆ ಕರೀರಿ."

ಅವಳು ಹೇಳಿದರೆ ಹೇಳಿದ ಹಾಗೇ. ಬೇಸಿಗೆಯೆಲ್ಲ ಒಮ್ಮೆಯೂ ಆ ಕಡೆ ಸುಳಿಯಲಿಲ್ಲ.

ಶೆಡ್ಡಿನಲ್ಲಿ ಇದ್ದವರು ಭಾವ, ವೆಲ್ಡಿಂಗ್ ಮಾಡುವ ಕಿಡಿ, ಮತ್ತು ಬೈಯುವುದಕ್ಕೆ ನಾನು. ಕಿಡಿ ಎಂದರೆ ಭಾವನ ಹಳೆಯ ಗೆಳೆಯ. ಅಕ್ಕನ ಹತ್ತಿರವೇ ಡ್ರೈವಿಂಗ್ ಕಲಿತವನು, ಈಗಲೂ ಅವಳನ್ನು ಕಂಡರೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾನೆ. ಇಬ್ಬರೂ ಚೈನ್ ಪುಲ್ಲಿ ಕಟ್ಟಿ ಹಳೆಯ ಇಂಜಿನ್ನನ್ನು ಮೇಲೆತ್ತಿದರು. ಖಾಲಿಯಾದ ಜಾಗಕ್ಕೆ ಹೊಸದನ್ನು ಇಳಿಸಿದರೆ ಮುಂದೆ ರೇಡಿಯೇಟರಿಗೆ ತಾಗಿತು, ಹಿಂದೆ ಕಾಲಿಡುವ ಜಾಗದ ತಗಡಿಗೆ ತಾಗಿತು. ಮತ್ತೆ ಮೇಲೆತ್ತಿದರು. ಮತ್ತೆ ಇಳಿಸಿದರು. ಒಂದು ಮಧ್ಯಾಹ್ನವೆಲ್ಲ ಅದೇ ಆಟ. ನನಗೆ ಪಿತ್ತ ನೆತ್ತಿಗೇರಿತು.

"ಬಟ್ಟೆ ಕತ್ತರಿಸೋ ಮುಂಚೆ ಯಾರಾದ್ರೂ ಮನುಷ್ಯನನ್ನ ಹೀಗೆ ಎತ್ತಿ ಎತ್ತಿ ಇಳಿಸ್ತಾರಾ? ಕಾಗದದಲ್ಲಿ ಮಾಡ್ಕೊಳ್ಳಿ ಮೊದಲು" ಎಂದೆ.

ಟಿವಿ ಬಂದಿದ್ದ ರಟ್ಟಿನ ಡಬ್ಬ ತಂದು, ಟೇಪಿನಲ್ಲಿ ಇಂಜಿನ್ನಿನ ಸುತ್ತಳತೆ, ಉದ್ದ, ಎತ್ತರ ತೆಗೆದು, ರಟ್ಟಿನಲ್ಲೇ ಒಂದು ಇಂಜಿನ್ ಮಾಡಿಕೊಟ್ಟೆ. ಅದನ್ನು ಒಬ್ಬರೇ ಒಂದು ಕೈಯಲ್ಲಿ ಎತ್ತಿಟ್ಟು ನೋಡಬಹುದಿತ್ತು. ಎಲ್ಲಿ ತಾಗುತ್ತದೋ ಅಲ್ಲಿ ಬಳಪದಲ್ಲಿ ಗುರುತು, ಗುರುತಿದ್ದಲ್ಲಿ ಕಿಡಿಯ ಕಟರ್. ರೇಡಿಯೇಟರ್ ಮುಂದೆ ಸರಿಯಿತು. ಹಿಂದಿನ ತಗಡನ್ನು ಕತ್ತರಿಸಿ ಒಳಕ್ಕೆ ಗುಳಿ ಮಾಡಿ ಬೆಸೆದರು. ಇಂಜಿನ್ ಕೂರುವ ಬ್ರಾಕೆಟ್ಟುಗಳನ್ನು ಭಾವ ಹೊಸದಾಗಿ ಮಾಡಿದರು. ಭಾರಕ್ಕೆ ಮೂತಿ ನೆಲ ಕಚ್ಚಿದ್ದರಿಂದ ಮುಂದಿನ ಸ್ಪ್ರಿಂಗುಗಳನ್ನು ಬದಲಿಸಿದರು. ಬಾನೆಟ್ ಮುಚ್ಚಲಿಲ್ಲ. ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡುವ ಹಾಗೆ ಅಲ್ಲೊಂದು ಉಬ್ಬು ಕೊಡಿ ಎಂದೆ. ಕೊಟ್ಟರು, ಮುಚ್ಚಿತು. ಇಂಜಿನ್ ದೊಡ್ಡದಾದ ಮೇಲೆ ಅದರ ಬಲವನ್ನು ಜಾರದಂತೆ ಹಿಡಿಯುವ ಕ್ಲಚ್ಚೂ ಗಟ್ಟಿಯದೇ ಬೇಕು. ಅದನ್ನೂ ಹಾಕಿದರು. ಭಾವ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ನೋಡಿ, "ಬೆಣ್ಣೆ" ಎಂದರು. ಕಿಡಿ ಕಾರನ್ನು ಹಿತ್ತಲಿನಾಚೆಯ ಮೈದಾನದಲ್ಲಿ ಸುತ್ತು ಹೊಡೆಸಿ ಬಂದು ಅವನೂ ಬೆಣ್ಣೆ ಎಂದ.

ಆಗಲೇ ಬೆಳಗಿನ ಗಾಳಿ ತಣ್ಣಗಾಗತೊಡಗಿತ್ತು. ಭಾವ ಕಾರನ್ನು ತೊಳೆದು, ಒರೆಸಿ, ಅಂಗಳಕ್ಕೆ ತಳ್ಳಿಸಿ ನಿಲ್ಲಿಸಿ, ತಾವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಕ್ಕನನ್ನು ಕರೆದರು. ಮದುವೆ ಗಂಡಿನ ಹಾಗಿದ್ದರು.

ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಬಾನೆಟ್ಟಿನ ಉಬ್ಬನ್ನು ಸವರಿ ನೋಡಿ, "ಬಸುರಿ ಮಾಡಿಟ್ಟಿದ್ದೀರಿ" ಎಂದಳು. ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಇಂಜಿನ್ ಗುರುಗುಟ್ಟಿತು. ಅದರ ದನಿ ನಿಂತಿದ್ದ ನಮ್ಮ ಪಾದದವರೆಗೂ ಬಂತು. ಅಷ್ಟು ತಿಂಗಳ ಮೇಲೆ ಅವಳು ಹಲ್ಲು ಕಾಣುವ ಹಾಗೆ ನಕ್ಕಳು. ಆಮೇಲೆ ಎಡಗಾಲಿನಿಂದ ಕ್ಲಚ್ ಒತ್ತಿದಳು.

ಪೆಡಲ್ ಅರ್ಧಕ್ಕೆ ನಿಂತಿತು. ಅಕ್ಕ ಮುಖ ಕಿವುಚಿದಳು. ಸೀಟಿನಲ್ಲಿ ಸರಿದು ಕೂತು, ಬೆನ್ನನ್ನು ಹಿಂದಕ್ಕೆ ಒರಗಿಸಿ ಇನ್ನೊಮ್ಮೆ ಒತ್ತಿದಳು. ಈ ಸಲ ಅವಳ ಬಾಯಿಂದ ಸಣ್ಣ ಶಬ್ದ ಬಂತು. ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದಳು.

"ಸೌಂಡ್ ತುಂಬಾ ಚೆನ್ನಾಗಿದೆ ರೀ" ಎಂದಳು. ಬಾಗಿಲು ಹಿಡಿದು ಇಳಿದು, ಮೆಲ್ಲಗೆ ನಡೆದು ಒಳಗೆ ಹೋದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಕೂಗಾಡುವ ಕೆಲಸ ನಾನು ಮಾಡಿದೆ.

"ಯಾರ ಅಳತೆ ತಗೊಂಡು ಹೊಲಿದ್ರಿ ಭಾವ?"

"ಒತ್ತಿ ನೋಡಿದ್ನಲ್ಲಮ್ಮ."

"ಯಾರ ಕಾಲಲ್ಲಿ?"

ಭಾವ ತಮ್ಮ ಕಾಲು ನೋಡಿಕೊಂಡರು. ಜೀವಮಾನವೆಲ್ಲ ಲೇತ್ ಮುಂದೆ ನಿಂತ ಕಾಲು. ಸ್ಟೀರಿಂಗ್, ಸ್ಪ್ರಿಂಗ್, ನೀರಿನ ಪೈಪು, ಪ್ರತಿಯೊಂದನ್ನೂ ಅಳೆದಿದ್ದರು. ಇಷ್ಟೆಲ್ಲ ಯಾವ ಮಂಡಿಗಾಗಿ ಮಾಡಿದರೋ ಆ ಮಂಡಿಯನ್ನು ಮಾತ್ರ ಕೇಳಿರಲಿಲ್ಲ. ಅವರು ಅಲ್ಲಿದ್ದ ಎಣ್ಣೆ ಡ್ರಮ್ಮಿನ ಮೇಲೆ ಕೂತರು. ನನ್ನ ಕೋಪ ಅಲ್ಲೇ ಇಳಿದುಹೋಯಿತು, ಆದರೆ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದು ಅವರ ಕೈಗೆ ತುರುಕಿದೆ.

ಆಮೇಲೆ ಏನೇನೋ ನೋಡಿದರು. ಮೆತ್ತಗಿನ ಕ್ಲಚ್ ಹಾಕಿದರು; ಪೆಡಲ್ ಹಗುರವಾಯಿತು, ಆದರೆ ಏರಿನಲ್ಲಿ ಕ್ಲಚ್ ಜಾರಿ ಇಂಜಿನ್ ಬೊಬ್ಬೆ ಹೊಡೆಯಿತೇ ಹೊರತು ಕಾರು ಮುಂದೆ ಹೋಗಲಿಲ್ಲ. ಮತ್ತೆ ಗಟ್ಟಿಯದನ್ನೇ ಹಾಕಿದರು. ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಹಾಕೋಣ ಮೇಡಂ ಎಂದು ಕಿಡಿ ಕಿಟಕಿಯ ಹತ್ತಿರ ಹೋಗಿ ಕೇಳಿದ.

"ಅದು ಓಡಿಸೋದಲ್ಲ ಕಣಪ್ಪ, ಕೂತ್ಕೊಳ್ಳೋದು. ಕೂತ್ಕೊಳ್ಳೋಕೆ ನನಗೆ ಕುರ್ಚಿ ಇದೆ" ಎಂದಳು ಅಕ್ಕ.

ಹಲ್ಲಿನ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಬೈಯಲೂ ಆಗುವುದಿಲ್ಲ. ಮಿಡತೆಯ ಸುತ್ತ ತಿರುಗಿ, ಉಬ್ಬನ್ನು ಮೆಚ್ಚಿ, ಈ ತಿಂಗಳ ಕೊನೆಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಕರೆದುಕೊಂಡು ಎಂದೇ ಅಂದರು, ಮನೆ ಹುಡುಗಿಯನ್ನು ಕೇಳಲು ಬಂದವರಂತೆ. ಅಕ್ಕ ನಗುತ್ತಲೇ ತಲೆಯಾಡಿಸಿದಳು. ಭಾವ ಅಡುಗೆಮನೆಯಲ್ಲಿ ಒಮ್ಮೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

ಡಾಕ್ಟರು ಹೋದ ಮೇಲೆ ಭಾವ ಒದ್ದೆ ಕೈಯಲ್ಲೇ ಬಂದು ಅಕ್ಕನ ಎದುರು ನಿಂತರು.

"ಹಳೇ ಇಂಜಿನ್ನೇ ವಾಪಸ್ ಹಾಕ್ತೀನಿ. ತಪ್ಪು ನಂದು. ನಿನಗೆ ಅಂತ ಮಾಡೋಕೆ ಹೋಗಿ ನಿನ್ನನ್ನೇ ಮರೆತೆ."

"ಹಳೇದನ್ನ ಹಾಕಿದ್ರೆ ಹೆಜ್ಜೆಗೊಂದು ಗೇರು. ನನ್ನ ಮಂಡಿಗೆ ಅದೂ ಆಗಲ್ಲ. ಬಿಡಿ, ಹೋಗ್ಲಿ."

"ಹೋಗ್ಲಿ ಅಂದ್ರೆ? ನೀನು ಓಡಿಸದೆ ಇದ್ರೆ ನಾನು ಪಕ್ಕದಲ್ಲಿ ಕೂತು ಏನ್ಮಾಡ್ಲಿ?"

ಅಕ್ಕ ಅವರನ್ನು ದಿಟ್ಟಿಸಿ ನೋಡಿದಳು, ತಪ್ಪು ಗೇರು ಹಾಕಿದ ಶಿಷ್ಯರನ್ನು ನೋಡುವ ಹಾಗೆ.

"ಆ ಪೆಡಲು ನಿಮ್ಮ ಕಾಲಿಗೆ ಭಾರ ಅನ್ನಿಸ್ಲಿಲ್ಲ, ಅಲ್ವಾ?"

"ಇಲ್ಲ. ಅದಕ್ಕೇ ಅಲ್ವಾ ಹೀಗಾಗಿದ್ದು."

"ಹಾಗಾದ್ರೆ ನಿಮ್ಮ ಕಾಲೇ ಬರ್ಲಿ. ಸ್ಕೂಲ್ ಕಾರಲ್ಲಿ ನನ್ನ ಕಡೆ ಇತ್ತಲ್ಲ, ಹಾಗೆ ನಿಮ್ಮ ಕಡೆ ಒಂದು ಕ್ಲಚ್ ಹಾಕ್ಕೊಳ್ಳಿ."

ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಸೀಟಿನ ಮುಂದೆಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಇವರು ಒತ್ತಿ ಸರಿಮಾಡಬೇಕು. ಅಕ್ಕ ವರ್ಷಗಟ್ಟಲೆ ಊರವರಿಗೆಲ್ಲ ಹಾಗೆ ಎರಡನೆಯ ಕಾಲಾಗಿದ್ದಳು. ನನಗೆ ತಕ್ಷಣ ಅರ್ಥವಾಯಿತು. ಭಾವನಿಗೂ ಅರ್ಥವಾಯಿತು, ಅದಕ್ಕೇ ಮುಖ ಬಿಳಿಚಿತು.

"ನನಗೆ ಓಡಿಸೋಕೆ ಬರಲ್ಲ ಕಣೇ."

"ಓಡಿಸಿ ಅಂದ್ನಾ? ಒತ್ತಿ ಅಂದೆ."

ಮರುದಿನ ಬೆಳಿಗ್ಗೆ ಅಕ್ಕ ಶೆಡ್ಡಿಗೆ ಬಂದಳು. ಕಿಡಿ ಸೆಟೆದು ನಿಂತ. ಈ ಸಲ ಯಾರೂ ಏನನ್ನೂ ಕತ್ತರಿಸುವ ಮೊದಲು ನಾನು ಟೇಪ್ ಹಿಡಿದು ಭಾವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಸೊಂಟದಿಂದ ಮಂಡಿ, ಮಂಡಿಯಿಂದ ಹಿಮ್ಮಡಿ ಅಳೆದೆ. ಅವರ ಕಡೆ ಒಂದು ಪೆಡಲ್ ಬಂತು. ಎರಡೂ ಪೆಡಲುಗಳ ನಡುವೆ ಒಂದು ಕಬ್ಬಿಣದ ಸರಳು; ಅತ್ತ ಒತ್ತಿದರೆ ಇತ್ತಲೂ ಇಳಿಯುತ್ತಿತ್ತು. ಗೇರು, ಸ್ಟೀರಿಂಗು, ಬ್ರೇಕು, ಆಕ್ಸಿಲರೇಟರು ಅಕ್ಕನದು. ಕ್ಲಚ್ ಭಾವನದು.

ಮೈದಾನದಲ್ಲಿ ಅಭ್ಯಾಸ ಶುರುವಾಯಿತು. ಅಕ್ಕ "ಹೂಂ" ಎಂದರೆ ಒತ್ತಬೇಕು, "ಬಿಡಿ" ಎಂದರೆ ಬಿಡಬೇಕು. ಕೇಳಲು ಇಷ್ಟೇ. ಮೊದಲ ದಿನ ಹೂಂ ಎಂದಾಗ ಭಾವ "ಏನು?" ಎಂದು ಕೇಳಿದರು. ಬಿಡಿ ಎಂದಾಗ ತಟ್ಟನೆ ಬಿಟ್ಟು, ಕಾರು ಎಗರಿ ಬಿದ್ದು ನಿಂತಿತು. ಗೇರುಗಳು ಕರಕರ ಹಲ್ಲು ಕಡಿದವು. ಅಕ್ಕ ಅವುಗಳಿಗಿಂತ ಜೋರಾಗಿ ಕಡಿದಳು.

"ಮೆಲ್ಲಗೆ ಬಿಡಿ ಅಂದ್ರೆ ಮೆಲ್ಲಗೆ ರೀ. ಮಗು ಕಾಲು ನೀರಿಗೆ ಬಿಟ್ಟ ಹಾಗೆ."

"ಮೆಲ್ಲಗೆ ಅಂತ ನೀನು ಜೋರಾಗಿ ಕಿರುಚಿದ್ರೆ ನನ್ನ ಕಾಲು ಯಾವುದನ್ನ ಕೇಳಬೇಕು?"

ಕಿಡಿ ತನ್ನ ವ್ಯಾನಿನ ಹಿಂದೆ ಅಡಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ಎದುರಿಗೇ ನಿಂತು ನಕ್ಕೆ. ಆದರೆ ಇಬ್ಬರೂ ಇಳಿಯಲಿಲ್ಲ. ಮಾರನೆಯ ದಿನವೂ ಹೋದರು, ಅದರ ಮಾರನೆಯ ದಿನವೂ ಹೋದರು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಭಾವ ಮೇಜಿನ ಕೆಳಗೆ ಕಾಲು ಒತ್ತಿ ಬಿಟ್ಟು ಮಾಡುತ್ತಿದ್ದರು. ಮೈದಾನದಲ್ಲೇನೋ ಒಂದು ಮಟ್ಟಕ್ಕೆ ಬಂತು. ಏರು ರಸ್ತೆ ಬೇರೆ ಮಾತು. ಅಲ್ಲಿ ಒಂದು ಕ್ಷಣ ತಡವಾದರೆ ಕಾರು ಹಿಂದಕ್ಕೆ ಜಾರುತ್ತದೆ.

ಹಲ್ಲಿನ ಡಾಕ್ಟರು ಹೇಳಿದ ದಿನ ಬಂತು. ಅಕ್ಕ ಅವರಿಗೆ ಫೋನ್ ಮಾಡಿ, ನೀವು ಬರಬೇಡಿ, ನಾವೇ ತರುತ್ತೇವೆ ಎಂದಳು. ನಮಗೆ ಹೇಳಿದ್ದು ಬೇರೆ.

"ಮೇಲಿನವರೆಗೆ ಸರಿಯಾಗಿ ಹತ್ತಿದ್ರೆ ಕಾರು ನಂದು. ನಡುವೆ ಎಲ್ಲಾದ್ರೂ ಕೈಕೊಟ್ರೆ ಅಲ್ಲಿಂದ ಕಿಡಿ ಓಡಿಸ್ಕೊಂಡು ಹೋಗಿ ಡಾಕ್ಟ್ರಿಗೆ ಕೊಟ್ಟುಬಿಡ್ಲಿ. ಎಳೆದಾಡೋದು ಬೇಡ."

ಮಿಡತೆಯಲ್ಲಿ ಮೂರನೆಯವರಿಗೆ ಜಾಗವಿಲ್ಲ. ನಾನು ಕಿಡಿಯ ವ್ಯಾನಿನಲ್ಲಿ ಹಿಂದೆ ಹೊರಟೆ. ಛಾವಣಿ ಮಡಚಿದ್ದರಿಂದ ಇಬ್ಬರ ತಲೆಗಳೂ ಕಾಣುತ್ತಿದ್ದವು, ಒಂದು ಸ್ಕಾರ್ಫ್ ಕಟ್ಟಿದ್ದು, ಒಂದು ಬೆಳ್ಳಗಿನದು. ರಸ್ತೆ ಏರತೊಡಗಿದಾಗ ಸ್ಕಾರ್ಫ್ ಪಕ್ಕಕ್ಕೆ ತಿರುಗಿತು, ಬೆಳ್ಳಗಿನ ತಲೆ ಇತ್ತ ತಿರುಗಿತು, ಕಾರು ಒಮ್ಮೆ ತೊನೆದು ಮುಂದೆ ಹೋಯಿತು. ಜಗಳ ಎಂದು ಗೊತ್ತಾಯಿತು. ಆಮೇಲೆ ಇಂಜಿನ್ ತನ್ನ ಕೆಲಸ ಮಾಡಿತು. ಮೊದಲಾದರೆ ಏದುಸಿರು ಬಿಡುತ್ತಿದ್ದ ತಿರುವುಗಳನ್ನೆಲ್ಲ ಮಿಡತೆ ಒಂದೇ ದನಿಯಲ್ಲಿ ದಾಟಿತು. ಭಾವನ ಲೆಕ್ಕ ಅಷ್ಟರಮಟ್ಟಿಗೆ ಸರಿಯಿತ್ತು.

ಉಳಿದದ್ದು ಪೇಟೆಗೆ ಸ್ವಲ್ಪ ಮೊದಲು ಸಿಗುವ ಕಡಿದಾದ ತಿರುವು. ಅಲ್ಲಿ ಎಂಥ ಇಂಜಿನ್ನಿಗೂ ಗೇರ್ ಇಳಿಸಲೇಬೇಕು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಪ್ರಪಾತ. ಕಿಡಿ ವ್ಯಾನನ್ನು ಹಿಂದೆ ದೂರದಲ್ಲೇ ನಿಲ್ಲಿಸಿಕೊಂಡ, ಜಾರಿ ಬಂದರೆ ಗುದ್ದದಿರಲಿ ಎಂದು. ನಾನು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ತಲೆಗಳು ಈಗ ತಿರುಗುತ್ತವೆ, ಈಗ ತಿರುಗುತ್ತವೆ ಎಂದು ನೋಡಿದೆ. ಎರಡೂ ನೆಟ್ಟಗೇ ಇದ್ದವು. ಇಂಜಿನ್ನಿನ ದನಿ ಒಮ್ಮೆ ತಗ್ಗಿ ಮತ್ತೆ ಏರಿತು, ಹಸಿರು ಬೆನ್ನು ಗೋಡೆಯ ಹಿಂದೆ ಮರೆಯಾಯಿತು.

ನಾವು ತಲುಪುವಷ್ಟರಲ್ಲಿ ಮಿಡತೆ ಹಲ್ಲಿನ ಆಸ್ಪತ್ರೆಯ ಮುಂದೆ ನಿಂತಿತ್ತು. ಇಬ್ಬರೂ ಇಳಿದಿರಲಿಲ್ಲ. ನಾನು ಓಡಿಹೋಗಿ ಅಕ್ಕನ ಬಾಗಿಲು ಹಿಡಿದೆ.

"ಏನಾಯ್ತೇ? ಮಂಡಿ ನೋವಾಯ್ತಾ?"

"ಇಲ್ಲ." ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಭಾವನ ಕಡೆ ನೋಡುತ್ತಿದ್ದಳು. "ಆ ಕೊನೇ ತಿರುವಲ್ಲಿ ನಾನು ಹೂಂ ಅನ್ನೋಕೆ ಮರೆತೆ ಕಣೇ. ಮರೆತು ಗೇರಿಗೆ ಕೈ ಹಾಕಿಬಿಟ್ಟೆ. ಎದೆ ಧಸಕ್ ಅಂತು. ನೋಡಿದ್ರೆ ಕ್ಲಚ್ ಆಗಲೇ ಕೆಳಗಿತ್ತು."

ಭಾವ ಬೆವರು ಒರೆಸಿಕೊಳ್ಳುತ್ತ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಹೇಳಿದರು.

"ಅಲ್ಲಿ ಹಸಿರು ಗೇಟ್ ದಾಟಿದ ಮೇಲೆ ನೀನು ಯಾವಾಗ್ಲೂ ಒತ್ತುತ್ತೀಯಲ್ಲ. ಒತ್ತೋಕೆ ಮುಂಚೆ ಒಂದು ಸಲ ಉಸಿರು ಎಳ್ಕೋತೀಯ. ಇವತ್ತೂ ಎಳ್ಕೊಂಡೆ."

ಅಕ್ಕ ಕಪ್ಪು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ; ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಷ್ಟರಲ್ಲಿ ಡಾಕ್ಟರು ಬಿಳಿ ಕೋಟಿನಲ್ಲೇ ಓಡಿ ಹೊರಗೆ ಬಂದು, ತಂದೇಬಿಟ್ರಾ ಎಂದು ಕೈ ಚಾಚಿದರು.

"ಹೇಳಿ ಹೋಗೋಕೆ ಬಂದೆ ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ" ಎಂದಳು ಅಕ್ಕ. "ಕಾರು ಕೊಡಬಹುದಿತ್ತು. ಆದ್ರೆ ಇದರ ಕ್ಲಚ್ ನಮ್ಮ ಯಜಮಾನ್ರು. ಅವರನ್ನ ಕೊಡೋಕಾಗಲ್ಲ."